ಗೇಟಿನ ದಬ್ಬಳ

ನನಗೆ ಹದಿಮೂರು ತಿಂಗಳು ಹೊಟ್ಟೆಯಿತ್ತು. ಹೆರಲಿಲ್ಲ. ಅದು ರಬ್ಬರಿನ ಹೊಟ್ಟೆ.

ಲಾರಿ ಚಕ್ರದ ಒಳಗಿನ ಟ್ಯೂಬು. ಅದನ್ನು ಕತ್ತರಿಸಿ, ಒಳಗೆ ಸಾರಾಯಿ ತುಂಬಿ, ಎರಡು ಬಾಯಿಯನ್ನೂ ಹುರಿಯಿಂದ ಬಿಗಿದು, ಸೊಂಟಕ್ಕೆ ಸುತ್ತಿ, ಮೇಲೆ ಹಳೇ ಸೀರೆ ಕಟ್ಟಿದರೆ ಏಳು ತಿಂಗಳ ಬಸುರಿ. ನಡೆದರೆ ಒಳಗೆ ಗುಳುಗುಳು ಅನ್ನುತ್ತಿತ್ತು. ಅದು ಕೇಳಿಸದಿರಲಿ ಎಂದು ನಾನು ಕೆಮ್ಮುತ್ತಾ ನಡೆಯುತ್ತಿದ್ದೆ.

ಯಳಂದೂರು ಮೈಸೂರು ಸೀಮೆ. ಅಲ್ಲಿ ಕುಡಿಯಬಹುದು. ಕೊಳ್ಳೇಗಾಲ ಮದ್ರಾಸು ಸೀಮೆ. ಅಲ್ಲಿ ಕುಡಿದರೂ ಜೈಲು, ಹೊತ್ತರೂ ಜೈಲು. ಎರಡರ ನಡುವೆ ರಸ್ತೆಗೆ ಅಡ್ಡಲಾಗಿ ಕಟ್ಟಿದ ಒಂದು ಬಿದಿರು, ಪಕ್ಕದಲ್ಲಿ ಒಂದು ತೆಂಗಿನಗರಿಯ ಚಪ್ಪರ, ಅದರಡಿ ಮೂವರು ಪೊಲೀಸರು. ಅದೇ ಗೇಟು. ಸ್ವರಾಜ್ಯ ಬಂದು ಎರಡು ವರ್ಷವಾಗಿತ್ತು.

ನಮ್ಮ ಹೊಲಗೇರಿ ಗೇಟಿನ ಈಚೆಗೆ, ಯಳಂದೂರಿನ ಕಡೆ. ಹೊಟ್ಟೆಪಾಡು ಆಚೆಗೆ, ಕೊಳ್ಳೇಗಾಲದ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ. ದಿನಾ ಬೆಳಿಗ್ಗೆ ದಾಟಬೇಕು, ದಿನಾ ಸಂಜೆ ದಾಟಬೇಕು. ಗೇಟು ಯಾರು ಹಾಕಿದರು, ಯಾಕೆ ಹಾಕಿದರು ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ.

ಸಾರಾಯಿ ನಮ್ಮೂರ ಗೌಡರು ಪುಟ್ಟಬಸಪ್ಪನವರದು. ನಮ್ಮೂರಿನ ಗದ್ದೆಯೆಲ್ಲ ಅವರದೇ. ನಮ್ಮ ಗುಡಿಸಲು ನಿಂತ ನೆಲವೂ ಅವರದೇ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅವರು ಕುಡಿಯುವವರಲ್ಲ. ಕುಡಿಯುವುದಿರಲಿ, ಸಾರಾಯಿಯನ್ನು ಮುಟ್ಟುವವರೂ ಅಲ್ಲ. ಟ್ಯೂಬನ್ನು ನಾನೇ ತುಂಬಬೇಕು, ನಾನೇ ಕಟ್ಟಬೇಕು, ಅವರು ದೂರ ನಿಂತು ಮೂಗಿಗೆ ವಲ್ಲಿ ಹಿಡಿದುಕೊಂಡು ನೋಡುತ್ತಿದ್ದರು.

"ನಂಗ್ಯಾಕೆ ಬುದ್ದೀ? ಬ್ಯಾರೆ ಯಾರ್ಗಾರಾ ಏಳಿ" ಎಂದು ಮೊದಲ ದಿನ ಕೇಳಿದ್ದೆ.

"ನಿನ್ನ ಹೊಟ್ಟೆ ಖಾಲಿ ಬಿದ್ದದಲ್ಲ ರಂಗಿ" ಎಂದಿದ್ದರು.

ನನಗೆ ಮಕ್ಕಳಾಗಿರಲಿಲ್ಲ. ಅದೇ ಕಾರಣ ಹೇಳಿ ಗಂಡ ಬಿಟ್ಟುಹೋಗಿದ್ದ. ಪುಟ್ಟಬಸಪ್ಪನವರ ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಉರಿಯುತ್ತದೆ. ಆದರೆ ಆವತ್ತು ಹೊತ್ತೆ. ಇಲ್ಲ ಎಂದರೆ ಗುಡಿಸಲು ಕೀಳುತ್ತಿದ್ದರು.

ನಾಚಿಕೆ ಬಿಟ್ಟು ಇನ್ನೊಂದು ಹೇಳಬೇಕು. ನಡೆಯುವಾಗ ಒಮ್ಮೊಮ್ಮೆ ನನ್ನ ಕೈ ತಾನಾಗಿಯೇ ಆ ಟ್ಯೂಬಿನ ಮೇಲೆ ಹೋಗುತ್ತಿತ್ತು. ಬಸುರಿಯರು ಕೈ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಒಂದು ತಪ್ಪಾಯಿತು. ಬಸುರಿಯ ಹೊಟ್ಟೆ ಬೆಳೆಯುತ್ತದೆ, ಒಂದು ದಿನ ಇಳಿಯುತ್ತದೆ. ನನ್ನದು ಹದಿಮೂರು ತಿಂಗಳೂ ಏಳು ತಿಂಗಳದ್ದೇ ಆಗಿತ್ತು. ಹೊರಿಸಿದವರಿಗೂ ಅದು ಹೊಳೆಯಲಿಲ್ಲ, ಹೊತ್ತ ನನಗೂ ಹೊಳೆಯಲಿಲ್ಲ. ಹೆತ್ತವಳಾಗಿದ್ದರೆ ಹೊಳೆಯುತ್ತಿತ್ತೇನೋ. ಗೇಟಿನ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲ ಗೊತ್ತಿತ್ತು. ಅವನಿಗೆ ತಿಂಗಳು ತಿಂಗಳು ಪುಟ್ಟಬಸಪ್ಪನವರ ಮನೆಯಿಂದ ಅಕ್ಕಿ ಮೂಟೆ ಹೋಗುತ್ತಿತ್ತು. ಆದರೆ ಒಂದು ದಿನ ಕೊಯಮತ್ತೂರಿನ ಜಿಲ್ಲಾ ಕಚೇರಿಯಿಂದ ಮೇಲಿನವರು ಬಂದು ಕೂತಿದ್ದರು. ಅವರಿಗೆ ಒಂದು ಕೇಸು ತೋರಿಸಬೇಕಿತ್ತು. ಅವನು ನನ್ನನ್ನು ತೋರಿಸಿದ.

ರಸ್ತೆ ಮಧ್ಯೆ ನನ್ನ ಸೀರೆ ಎಳೆದರು. ಟ್ಯೂಬು ಕಿತ್ತರು. ಎಲ್ಲರೂ ನಕ್ಕರು. ಯಾರದು ಎಂದು ಕೇಳಿದರು. ನನ್ನದೇ ಎಂದೆ. ಕೊಳ್ಳೇಗಾಲದ ಸಬ್ ಜೈಲಿನಲ್ಲಿ ಹದಿನೈದು ದಿನ ಇದ್ದು ಬಂದೆ.

ನನ್ನ ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ವಾಪಸು ಬರುವ ಹೊತ್ತಿಗೆ ಗೇಟಿನ ಬಿದಿರಿಗೆ ಒಂದು ದಬ್ಬಳ ನೇತುಹಾಕಿದ್ದರು. ಗೋಣಿಚೀಲ ಹೊಲಿಯುವ ಉದ್ದನೆಯ ಕಬ್ಬಿಣದ ಸೂಜಿ. ಮೂಟೆ ಚುಚ್ಚಿ ನೋಡುವುದಕ್ಕೆ, ಹುಲ್ಲಿನ ಗಾಡಿ ಚುಚ್ಚಿ ನೋಡುವುದಕ್ಕೆ. ಕೇರಿಯ ಬಸುರಿಯರು ಬಂದರೆ ಸೀರೆ ಎತ್ತಿ ಹೊಟ್ಟೆ ತೋರಿಸಬೇಕು. ತೋರಿಸದಿದ್ದರೆ ದಬ್ಬಳ. ಹೊಟ್ಟೆ ರಬ್ಬರಿನದೋ ಚರ್ಮದ್ದೋ ಅದೇ ಹೇಳುತ್ತದಂತೆ.

ಅದನ್ನು ಆ ಬಿದಿರಿಗೆ ಕಟ್ಟಿಸಿದವಳು ನಾನು.

*

ಕೆಂಪಾಜಮ್ಮ ನನ್ನ ಪಕ್ಕದ ಗುಡಿಸಲಿನವಳು. ನಾನು ಕೆಂಪಾಜಿ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಗಂಡ ನಿಂಗಯ್ಯ ಬಿಳಿಗಿರಿರಂಗನ ಬೆಟ್ಟದ ಕಡೆ ಮರ ಕಡಿಯಲು ಹೋದವನು ತಿಂಗಳಿಗೊಮ್ಮೆ ಬರುತ್ತಿದ್ದ. ಮೊದಲ ಎರಡು ಮಕ್ಕಳು ಹುಟ್ಟುವಾಗಲೇ ಸತ್ತಿದ್ದವು. ಎರಡೂ ಕಾಲು ಮುಂದಾಗಿ ಬಂದಿದ್ದವು. ಇದು ಮೂರನೆಯದು.

ಅವಳ ಕೆಲಸ ರಾಟೆ ತಿರುಗಿಸುವುದು. ಒಲೆಯ ಮೇಲೆ ರೇಷ್ಮೆಗೂಡು ಕುದಿಯುತ್ತಿರುತ್ತದೆ. ಒಬ್ಬರು ಬಿಸಿನೀರಿಗೆ ಕೈ ಹಾಕಿ ಎಳೆ ಹಿಡಿದು ಕೊಡುತ್ತಾರೆ. ಇನ್ನೊಬ್ಬರು ನಿಂತುಕೊಂಡು ರಾಟೆಯ ಹಿಡಿ ತಿರುಗಿಸುತ್ತಲೇ ಇರಬೇಕು. ಕೂರುವ ಹಾಗಿಲ್ಲ. ಕೂತರೆ ಎಳೆ ಸಡಿಲವಾಗುತ್ತದೆ. ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಒಂದೇ ಕೈ, ಒಂದೇ ಸುತ್ತು. ಬೆಂದ ಹುಳುವಿನ ನಾತ. ಕಣ್ಣಿಗೆ ಹಬೆ. ನಾನು ಆ ಒಲೆಗಳಿಗೆ ಸೌದೆ ಒಡ್ಡುತ್ತಿದ್ದೆ, ಸತ್ತ ಹುಳುವನ್ನು ಬಾಚಿ ಹೊರಗೆ ಸುರಿಯುತ್ತಿದ್ದೆ.

ಏಳು ತುಂಬಿ ಎಂಟಕ್ಕೆ ಬಿದ್ದ ಮೇಲೆ ಅವಳ ಹೊಟ್ಟೆ ರಾಟೆಗೆ ಅಡ್ಡ ಬಂತು. ಹಿಡಿ ಪ್ರತಿ ಸುತ್ತಿಗೂ ಹೊಟ್ಟೆಯನ್ನು ಸವರಿಕೊಂಡು ಹೋಗುತ್ತಿತ್ತು. ಒಂದು ಹೆಜ್ಜೆ ಹಿಂದೆ ನಿಂತರೆ ಕೈ ಎಟುಕದು. ಅವಳು ಸೊಂಟ ತಿರುಚಿ ಒಂದು ಮಗ್ಗುಲಾಗಿ ನಿಂತು ತಿರುಗಿಸುವುದನ್ನು ಕಲಿತಳು. ಸಂಜೆಗೆ ಪಾದ ಊದಿ, ಬೆರಳ ಸಂದು ಕಾಣುತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಮುದ್ದೆ ಇಳಿಯುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು, ಒಳಗೆ ಜಾಗವೇ ಇರಲಿಲ್ಲ. ಗಳಿಗೆಗೊಮ್ಮೆ ಒಂದಕ್ಕೆ ಅವಸರ. ಯಜಮಾನ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೊರಗೆ ಬಿಡುತ್ತಿರಲಿಲ್ಲ.

"ರಾಟೆ ಸುರುವಾಯ್ತು ಅಂದ್ರೆ ಒಳಗೆ ಇದೂ ಒದೆಯಾಕೆ ಸುರು ಮಾಡ್ತದೆ ಕನಕ್ಕ. ಇದೂ ತಿರುಗುಸ್ತಾ ಅದೇನೋ" ಎಂದು ನಗುತ್ತಿದ್ದಳು.

ಇಷ್ಟು ದುಡಿಯುವುದಕ್ಕೆ ದಿನಾ ಎರಡು ಸಲ ಗೇಟು. ಬೆಳಿಗ್ಗೆ ಒಮ್ಮೆ ಸೀರೆ ಎತ್ತಬೇಕು. ಸಂಜೆ ಬರುವಾಗಲೂ ಎತ್ತಬೇಕು. ಬರುವಾಗ ಯಾಕೆ? ಸಾರಾಯಿ ಆ ಕಡೆಗೆ ತಾನೆ ಹೋಗುವುದು? ಅದನ್ನು ಕೇಳುವವರು ಯಾರು. ಹೆಡ್ ಕಾನ್‌ಸ್ಟೇಬಲ್‌ ಈರೋಡಿನ ಕಡೆಯವನು. ತಮಿಳರು ಕರೆಯುವ ಹಾಗೆ ನಾವೂ ಏಟಯ್ಯ ಎನ್ನುತ್ತಿದ್ದೆವು. ಚಪ್ಪರದಡಿ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಕೂತಲ್ಲಿಂದಲೇ ದಬ್ಬಳದ ಮೊನೆಯಲ್ಲಿ ಸನ್ನೆ ಮಾಡುತ್ತಿದ್ದ.

"ಏ ಪೊಣ್ಣು, ಸೀಲೆ ಎತ್ತು. ಇನ್ನೂ ಮೇಲೆ. ಇನ್ನೂ."

ಸಂತೆಗೆ ಹೋಗುವ ಗಂಡಸರು ನಿಂತು ನೋಡುತ್ತಿದ್ದರು. ಕೆಂಪಾಜಿ ಆಕಾಶ ನೋಡಿಕೊಂಡು ಎತ್ತುತ್ತಿದ್ದಳು. ನಾನು ಅವಳ ಮುಂದೆ ಅಡ್ಡ ನಿಲ್ಲುತ್ತಿದ್ದೆ. ಪಕ್ಕಕ್ಕೆ ಹೋಗು ಎಂದು ಬೈದು ನನ್ನನ್ನು ಸರಿಸುತ್ತಿದ್ದರು.

ಒಂದು ಸಂಜೆ ಏಟಯ್ಯನಿಗೆ ನೋಡಿದ್ದು ಸಾಲಲಿಲ್ಲ. ಎದ್ದು ಬಂದು ಬರಿ ಹೊಟ್ಟೆಯ ಮೇಲೆ ದಬ್ಬಳದ ಮೊನೆ ಇಟ್ಟ. "ಇದೂ ಅವಳದ್ದರ ಹಾಗೇ ಇದೆಯಲ್ಲ" ಎಂದು ನನ್ನ ಕಡೆ ಕಣ್ಣು ಹೊಡೆದು, ಒತ್ತಿದ. ಕೆಂಪಾಜಿ ಚೀರಿದಳು. ಹೊಕ್ಕುಳ ಪಕ್ಕದಲ್ಲಿ ರಕ್ತದ ಒಂದು ಹನಿ ಎದ್ದು ನಿಂತಿತು. ಪೊಲೀಸರು ನಕ್ಕರು. "ಚುಮ್ಮಾ ಚುಮ್ಮಾ" ಎಂದ ಏಟಯ್ಯ. ಸುಮ್ಮನೆ ಆಟಕ್ಕಂತೆ.

ಆ ಹೊತ್ತಿನಿಂದ ಮಗು ಮಿಸುಕಲಿಲ್ಲ.

ದಾರಿಯುದ್ದಕ್ಕೂ ಅವಳು ಹೊಟ್ಟೆ ತಟ್ಟಿ ತಟ್ಟಿ ನಡೆದಳು. ತಣ್ಣೀರು ಕುಡಿದಳು. ಬೆಲ್ಲ ತಿಂದಳು. ಎಡಕ್ಕೆ ಮಲಗಿದಳು, ಬಲಕ್ಕೆ ಮಲಗಿದಳು. "ಏಳಪ್ಪಾ, ಒದಿಯಪ್ಪಾ" ಎಂದು ಬೇಡಿದಳು. ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದರೆ ಅದಕ್ಕೂ ಅದೇ ಗೇಟು, ಅದೇ ದಬ್ಬಳ. ಅದನ್ನೂ ದಾಟಿದೆವು. ಅವತ್ತೂ ಅವಳು ಸೀರೆ ಎತ್ತಿದಳು.

ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಾಗ ಮಗು ಒದೆಯಿತು. ಕೆಂಪಾಜಿ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಇನ್ನೊಂದು ಒದೆತ ನನ್ನ ಅಂಗೈಗೆ ಬಿತ್ತು. ಅವತ್ತಿನವರೆಗೆ ನಾನು ಹಾಗೆ ಯಾರ ಹೊಟ್ಟೆಯನ್ನೂ ಮುಟ್ಟಿರಲಿಲ್ಲ. ಬಂಜೆಯ ಕೈ ಎಂದು ಮುಟ್ಟಿಸುತ್ತಿರಲಿಲ್ಲ. ಇಬ್ಬರೂ ಅತ್ತೆವು.

ಲೇಡಿ ಡಾಕ್ಟರು ಅವಳನ್ನು ಒಳಗೆ ಕರೆದು ನೋಡಿದರು. ಹೊರಗೆ ಬಂದ ಕೆಂಪಾಜಿಯ ಮುಖ ಬೇರೆಯೇ ಆಗಿತ್ತು.

"ಏನಂದ್ರು?"

"ಇದೂ ಕಾಲು ಕೆಳುಕ್ ಮಾಡ್ಕಂಡು ಕೂತದಂತೆ. ಒಂಬತ್ತು ತುಂಬ್ತಲೇ ಬಂದು ಇಲ್ಲೇ ಸೇರ್ಕಬೇಕಂತೆ. ಮನೇಲಿ ಎತ್ತರೆ ಇಬ್ರೂ ಉಳಿಯಲ್ಲ ಅಂದ್ರು." ಜಗಲಿ ಇಳಿಯುತ್ತಾ ಅಂದಳು, "ಡಾಕ್ಟ್ರಮ್ಮ ಕೇಳುದ್ರು ಕನಕ್ಕ."

"ಏನ ಕೇಳುದ್ರು?"

"ಮುಟ್ಲಾ ಅಂತ. ಒಟ್ಟೆ ಮುಟ್ಟೂಕ್ ಮುಂಚೆ, ಮುಟ್ಲಾ ತಾಯಿ ಅಂತ ನನ್ನ ಕೇಳುದ್ರು."

ದಾರಿಯಲ್ಲಿ ನಾಲ್ಕು ಸಲ ಅದನ್ನೇ ಹೇಳಿದಳು. ಗೇಟು ಕಂಡಾಗ ಮಾತು ನಿಲ್ಲಿಸಿದಳು.

*

ಅತ್ತ ಪುಟ್ಟಬಸಪ್ಪನವರು ಹೊಸ ದಾರಿ ಕಂಡುಕೊಂಡಿದ್ದರು. ಅವರ ಸೊಸೆ ಚನ್ನಾಜಮ್ಮನೂ ಬಸುರಿ. ಹದಿನೇಳು ವರ್ಷದ ಹುಡುಗಿ, ಚೊಚ್ಚಲು. ತವರು ಕೊಳ್ಳೇಗಾಲ. ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವುದು ಶಾಸ್ತ್ರ. ಕಮಾನು ಕಟ್ಟಿದ ಗಾಡಿ, ಹಿಂದೆ ಮುಂದೆ ಸೀರೆಯ ಮರೆ, ಒಳಗೆ ಮೆತ್ತನೆಯ ಹಾಸಿಗೆ. ಹಾಸಿಗೆಯ ಕೆಳಗೆ ಹೊಸ ಹುಲ್ಲು. ಹುಲ್ಲಿನ ಕೆಳಗೆ ಟ್ಯೂಬುಗಳು, ಒಂದಲ್ಲ ಎರಡಲ್ಲ, ಹತ್ತು. ಅವುಗಳನ್ನು ತುಂಬಿ ಜೋಡಿಸುತ್ತಿದ್ದವಳು ನಾನೇ. ಏಟಯ್ಯ ಗಾಡಿ ಕಂಡೊಡನೆ ಬಿದಿರು ಎತ್ತಿಸಿ ಕೈ ಮುಗಿಯುತ್ತಿದ್ದ. ಗೌಡರ ಮನೆಯ ಬಸುರಿ ಅಲ್ಲವೇ.

ಒಬ್ಬಳನ್ನು ತವರಿಗೆ ಎಷ್ಟು ಸಲ ಕಳಿಸುತ್ತಾರೆ? ಚನ್ನಾಜಮ್ಮನನ್ನು ಒಂದೇ ತಿಂಗಳಲ್ಲಿ ಮೂರು ಸಲ ಕಳಿಸಿದರು. ಮೂರು ಸಲ ವಾಪಸು ಕರೆತಂದರು. ನನ್ನ ಹೊಟ್ಟೆಯಲ್ಲಿ ಮಾಡಿದ ತಪ್ಪನ್ನೇ ಸೊಸೆಯ ಹೊಟ್ಟೆಯಲ್ಲೂ ಮಾಡಿದರು. ಅವರಿಗೆ ಹೊಟ್ಟೆ ಎಂದರೆ ಒಂದು ಚೀಲ, ಅಷ್ಟೆ. ಯಾರದಾದರೇನು.

ಕೆಂಪಾಜಿಗೆ ಒಂಬತ್ತು ತುಂಬಿತು. ಪುಷ್ಯ ಮಾಸದ ಒಂದು ಸಂತೆಯ ದಿನ ಬೆಳಿಗ್ಗೆ ಎರಡು ಹಳೇ ಸೀರೆ, ಒಂದು ತಟ್ಟೆ ಗಂಟು ಕಟ್ಟಿಕೊಂಡು ಹೊರಟೆವು. ಅವಳ ಕಾಲು ಇಡೀ ಊದಿತ್ತು. ಹತ್ತು ಹೆಜ್ಜೆಗೆ ನಿಲ್ಲುತ್ತಿದ್ದಳು. ಸೊಂಟ ಹಿಡಿದುಕೊಂಡು ಉಸಿರು ಬಿಡುತ್ತಿದ್ದಳು.

"ನೋವಾ?"

"ಬತ್ತದೆ, ಓಯ್ತದೆ. ನಡಿ."

ಗೇಟಿನ ಮುಂದೆ ನಿಂತೆವು. ಏಟಯ್ಯ ಬೆಂಚಿನಿಂದಲೇ ದಬ್ಬಳ ಆಡಿಸಿದ. "ಎತ್ತು."

ಕೆಂಪಾಜಿ ಎತ್ತಲಿಲ್ಲ.

"ಕಿವಿ ಕೇಳಲ್ವಾ? ಎತ್ತು ಸೀಲೆ."

"ಎತ್ತಲ್ಲ."

ಅವಳು ಕೂಗಲಿಲ್ಲ. ಉಪ್ಪು ಇದೆಯಾ ಎಂದು ಕೇಳಿದರೆ ಇಲ್ಲ ಎನ್ನುತ್ತೇವಲ್ಲ, ಹಾಗೆ ಹೇಳಿದಳು.

ಏಟಯ್ಯ ಎದ್ದು ಬಂದ. "ಏನು ಎತ್ತಲ್ಲ? ಒಳಗೆ ಏನು ಇಟ್ಟಿದೀಯ?"

"ಮಗ. ಡಾಕ್ಟ್ರಮ್ಮನ್ನ ಕೇಳು ಓಗು. ಅವರು ಕೇಳಿ ಮುಟ್ತಾರೆ. ನೀನ್ ಯಾರು?"

"ಎತ್ತದಿದ್ದರೆ ವಾಪಸು ಹೋಗು."

"ಓಗಲ್ಲ."

"ಎತ್ತಲ್ಲ, ಹೋಗಲ್ಲ. ಮತ್ತೆ ಏನು ಮಾಡ್ತೀಯ?"

"ಕೂತ್ಕತೀನಿ."

ರಸ್ತೆಯ ನಟ್ಟನಡುವೆ, ಬಿದಿರಿನ ಕೆಳಗೆ, ಒಂದು ಕೈ ನನ್ನ ಭುಜದ ಮೇಲೆ, ಒಂದು ಕೈ ನೆಲಕ್ಕೆ ಊರಿ, ಕೆಂಪಾಜಿ ಮೆಲ್ಲಗೆ ಕೂತಳು. ಒಂಬತ್ತು ತುಂಬಿದವಳು ನೆಲಕ್ಕೆ ಕೂರುವುದೆಂದರೆ ಅದೂ ಒಂದು ಕೆಲಸ. ಕೂತು ಕಾಲು ಚಾಚಿದಳು. ಗಂಟನ್ನು ಬೆನ್ನಿಗೆ ಇಟ್ಟುಕೊಂಡಳು.

ಏಟಯ್ಯ ದಬ್ಬಳವನ್ನು ಅವಳ ಹೊಟ್ಟೆಯ ಹತ್ತಿರ ತಂದ. ಅವಳು ಕೈ ಅಡ್ಡ ಇಡಲಿಲ್ಲ.

"ಚುಚ್ಚು. ಅವತ್ತು ಸಂಜೇಲಿ ಯಾರೂ ಇಲ್ದಾಗ ಚುಚ್ಚಿದ್ದೆ. ಇವತ್ತು ಇಷ್ಟು ಜನ ಅವ್ರೆ. ಎಲ್ಲಾರೂ ನೋಡ್ಲಿ, ಚುಚ್ಚು."

ಜನ ಸೇರುತ್ತಿದ್ದರು. ಎಲೆ ಹೊರೆಯವರು, ಕುರಿಯವರು, ಬೆಲ್ಲದ ಗಾಡಿಯವರು. ಹಿಂದಿನಿಂದ ಗಾಡಿಗಳು ಒಂದೊಂದಾಗಿ ಬಂದು ನಿಂತವು. ನಮ್ಮ ಜೊತೆ ಕೆಲಸಕ್ಕೆ ಹೋಗುವ ಕೇರಿಯ ಏಳೆಂಟು ಹೆಂಗಸರು ಹಿಂದೆ ಇದ್ದರು. ಅವರಲ್ಲೊಬ್ಬಳು ಮುದುಕಿ ಬಂದು ಕೆಂಪಾಜಿಯ ಪಕ್ಕದಲ್ಲಿ ಕೂತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲರೂ.

ಏಟಯ್ಯನ ಕೈಯಲ್ಲಿದ್ದ ದಬ್ಬಳ ಅಲ್ಲೇ ನಿಂತಿತು. ಅಷ್ಟು ಜನರ ಮುಂದೆ ಅವನಿಗೆ ಚುಚ್ಚಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಆಗ ಹಿಂದಿನಿಂದ ಕಮಾನು ಗಾಡಿ ಬಂತು. ಮುಂದೆ ಮೂಕಿಯ ಹತ್ತಿರ ಪುಟ್ಟಬಸಪ್ಪನವರು ಛತ್ರಿ ಹಿಡಿದು ಕೂತಿದ್ದರು. ಚನ್ನಾಜಮ್ಮನ ನಾಲ್ಕನೆಯ ತವರು ಪಯಣ.

"ಏನ್ ಏಟಯ್ಯ ಇದು? ಬಸುರಿ ಗಾಡಿ ನಿಂತದೆ. ಎಬ್ಬುಸ್ರೀ ಈ ಮುಂಡೇವನ್ನ."

"ಏಳೇ" ಎಂದು ಏಟಯ್ಯ ಲಾಠಿ ಎತ್ತಿದ.

ಕೆಂಪಾಜಿ ಗಾಡಿಯ ಕಡೆ ತಿರುಗಿದಳು. "ಬುದ್ದೀ, ನಾನೂ ಬಸುರಿನೇ. ನನ್ ಒಟ್ಟೆ ನೋಡ್ದೇ ಬುಡಲ್ಲ ಅಂತಾವ್ರೆ. ಹಂಗಾರೆ ಗಾಡೀಲಿರೋ ಒಟ್ಟೇನೂ ನೋಡ್ಲಿ. ಅವರದ ನೋಡಿ ಆದ್ಮೇಲೆ ನಂದ ತೋರುಸ್ತೀನಿ."

ಎಲ್ಲರೂ ಗಾಡಿಯ ಕಡೆ ತಿರುಗಿದರು. ಪುಟ್ಟಬಸಪ್ಪನವರ ಮುಖ ಕೆಂಪಾಯಿತು.

"ಏನಂದೆ ಹೊಲತಿ? ನಮ್ಮನೆ ಸೊಸೆ ಸೀರೆ ಎತ್ತುಸ್ತೀಯಾ? ನಾಲಗೆ ಸೀಳ್ತೀನಿ."

"ಎತ್ತುಸ್ಬ್ಯಾಡಿ. ಅವರದ್ದೂ ಎತ್ತುಸ್ಬ್ಯಾಡಿ, ನಂದೂ ಎತ್ತುಸ್ಬ್ಯಾಡಿ" ಎಂದಳು ಕೆಂಪಾಜಿ. "ಅಲ್ಲ ಏಟಯ್ಯ, ದಿನಾ ಓಡಾಡೋ ನನ್ ಮೇಲೆ ಅನುಮಾನ ಬತ್ತದೆ. ತಿಂಗಳಲ್ಲಿ ನಾಕ್ ಸಲ ತವರಿಗೋಗೋ ಬಸುರಿ ಮೇಲೆ ಬರಲ್ವಾ? ಯಾವೂರ್ನಾಗದೆ ಆ ಶಾಸ್ತ್ರ?"

ಬೆಲ್ಲದ ಗಾಡಿಯವನು ಮೊದಲು ನಕ್ಕ. ಆಮೇಲೆ ನಗು ಹಿಂದಕ್ಕೆ ಹರಡಿತು. ಪುಟ್ಟಬಸಪ್ಪನವರು ಗಾಡಿಯಿಂದ ಧುಮುಕಿ ಬಾರುಕೋಲು ಎಳೆದುಕೊಂಡು ಬಂದು ಕೆಂಪಾಜಿಯ ಬೆನ್ನಿಗೆ ಬಾರಿಸಿದರು. ಅವಳು ಹೊಟ್ಟೆಯ ಮೇಲೆ ಬಾಗಿದಳು. ಇನ್ನೊಂದು ಏಟು ಬಿತ್ತು. ಅವಳು ಏಳಲಿಲ್ಲ.

ಆಗ ನನಗೆ ಏನಾಯಿತೋ. ಹದಿಮೂರು ತಿಂಗಳು ಕೆಮ್ಮುತ್ತಾ ನಡೆದವಳು, ನನ್ನದೇ ಎಂದು ಒಪ್ಪಿಕೊಂಡು ಜೈಲು ಕಂಡವಳು, ಬಾಯಿಲ್ಲದವಳು ನಾನು. ಏಟಯ್ಯನ ಕೈಯಿಂದ ದಬ್ಬಳ ಕಿತ್ತುಕೊಂಡೆ. ಗಾಡಿಯ ಹಿಂಬದಿಗೆ ಓಡಿದೆ. ಎಲ್ಲಿ ಚುಚ್ಚಬೇಕು ಎಂದು ಹುಡುಕುವಂತಿರಲಿಲ್ಲ. ಜೋಡಿಸಿದ್ದ ಕೈ ನನ್ನದೇ. ಗಾಡಿಯ ತಳದ ಹಲಗೆಗಳ ಸಂದಿನಲ್ಲಿ, ಕೆಳಗಿನಿಂದ, ಬಲವಾಗಿ ಚುಚ್ಚಿದೆ. ಒಂದು, ಎರಡು, ಮೂರು.

ಸಾರಾಯಿ ನನ್ನ ಮುಖಕ್ಕೆ ಚಿಮ್ಮಿತು. ತಲೆ, ಕೊರಳು, ರವಿಕೆ ಎಲ್ಲ ನೆನೆಯಿತು. ಹಲಗೆಯ ಸಂದಿನಿಂದ ಧೂಳಿಗೆ ಸುರಿದು, ಗಾಡಿಯ ಚಕ್ರದ ಗುರುತು ಹಿಡಿದು ಗೇಟಿನ ಕಡೆಗೆ ಹರಿಯಿತು. ನಾತ ರಸ್ತೆ ತುಂಬಿತು.

"ನೋಡಿ! ಇದ್ಯಾರ ಬಸುರು? ನೋಡಿ!" ಎಂದು ಕಿರುಚುತ್ತಿದ್ದೆ. "ಅವತ್ತು ನಂದು ಅಂದೆ. ನಂದಲ್ಲ. ಪುಟ್ಟಬಸಪ್ಪಂದು! ಅವತ್ತೂ ಅವಂದೇ, ಇವತ್ತೂ ಅವಂದೇ!"

ಬುದ್ದಿ ಎನ್ನದೆ ಅವರ ಹೆಸರನ್ನು ನಾನು ಹೇಳಿದ್ದು ಅದೇ ಮೊದಲು.

ಗಾಡಿಯ ಮರೆ ಸರಿಯಿತು. ಚನ್ನಾಜಮ್ಮ ಇಳಿದಳು. ಹಾಸಿಗೆ ನೆನೆದು ಸೀರೆಯ ಹಿಂಭಾಗವೆಲ್ಲ ಒದ್ದೆಯಾಗಿತ್ತು. ಮಾವನ ಕಡೆ ನೋಡದೆ ಎರಡು ಕೈಯಲ್ಲೂ ಸೊಂಟ ಹಿಡಿದು ನಿಂತು ಅಳಲು ಶುರು ಮಾಡಿದಳು. "ಆಗಲ್ಲ ಅಂತ ಮೊದ್ಲೇ ಏಳ್ದೆ. ಸೊಂಟ ಬಿದ್ದೋಯ್ತದೆ ಅಂದೆ. ಯಾರು ಕೇಳುದ್ರು ನನ್ನ?"

ಅವಳ ಕಡೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಸಾರಾಯಿಯ ಮೇಲಿತ್ತು. ಕೆಂಪಾಜಿ ಒಬ್ಬಳೇ ನೋಡಿದಳು.

"ಕೂತ್ಕಳಿ ಅವ್ವಾರೆ. ಈ ನೆಲ ಯಾರ ಮನೇದೂ ಅಲ್ಲ."

ಚನ್ನಾಜಮ್ಮ ಒಂದು ಗಳಿಗೆ ಹಿಂದೆ ಮುಂದೆ ನೋಡಿದಳು. ಆಮೇಲೆ ಕೂತಳು. ಕೆಂಪಾಜಿಯಿಂದ ಒಂದು ಮಾರು ದೂರದಲ್ಲಿ ಕೂತಳು. ದೂರ ದೂರವೇ ಸರಿ, ಕೂತಳು.

ಏಟಯ್ಯ ಈಗ ಕೇಸು ಮಾಡದೆ ವಿಧಿಯಿರಲಿಲ್ಲ, ಅಷ್ಟು ಜನ ನೋಡಿದ್ದರು. ಗಾಡಿಯನ್ನು ಕೊಳ್ಳೇಗಾಲದ ಸ್ಟೇಷನ್ನಿಗೆ ಹೊಡೆಯಬೇಕು, ನನ್ನನ್ನೂ ಒಯ್ಯಬೇಕು ಎಂದ. ನಾನು ಗಾಡಿಯ ಚಕ್ರ ಹಿಡಿದುಕೊಂಡೆ.

"ಸಾಕ್ಷಿ ಬ್ಯಾಡ್ವಾ ಸಾ? ನನ್ ಸಾಕ್ಷಿ ಅಗೋ ಅಲ್ಲಿ ಕೂತವ್ಳೆ. ಅವಳ್ನೂ ಅತ್ತುಸ್ಕಳಿ. ಇಲ್ದಿದ್ರೆ ನಾನೂ ಅತ್ತಲ್ಲ, ಈ ಗಾಡೀನೂ ಓಗಲ್ಲ."

"ಆ ಹೊಲತಿ ಹತ್ತುದ್ರೆ ನನ್ ಸೊಸೆ ಹತ್ತಲ್ಲ" ಎಂದರು ಪುಟ್ಟಬಸಪ್ಪನವರು.

"ನಾನು ನಡೀಲಾರೆ" ಎಂದು ಚನ್ನಾಜಮ್ಮ ಎದ್ದು ಹೋಗಿ ಗಾಡಿ ಹತ್ತಿ ಕೂತಳು. ಕೆಂಪಾಜಿಯನ್ನು ನಾವು ನಾಲ್ವರು ಹಿಡಿದು ಹತ್ತಿಸಿದೆವು. ಸಾರಾಯಿಯಲ್ಲಿ ನೆನೆದ ಗೌಡರ ಮನೆಯ ಹಾಸಿಗೆಯ ಮೇಲೆ, ಹಿಂದೊಬ್ಬ ಮುಂದೊಬ್ಬ ಪೊಲೀಸರ ಕಾವಲಿನಲ್ಲಿ ನಮ್ಮ ಕೇರಿಯ ಹೆಂಗಸೊಬ್ಬಳು ಹೆರಿಗೆಗೆ ಹೊರಟಳು. ಯಾರೂ ಅವಳ ಹೊಟ್ಟೆ ನೋಡಲಿಲ್ಲ. ಅಗರದ ಹತ್ತಿರ ಅವಳು ನನ್ನ ಕೈ ಹಿಡಿದು ಹಲ್ಲು ಕಚ್ಚಿದಳು. ಈ ಸಲ ನೋವು ಬಂದದ್ದು ಹೋಗಲಿಲ್ಲ.

*

ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರು, ನನ್ನನ್ನು ಸ್ಟೇಷನ್ನಿನಲ್ಲಿ. ಪುಟ್ಟಬಸಪ್ಪನವರು ಕೋರ್ಟಿನಲ್ಲಿ, ಗಾಡಿ ತಮ್ಮದು, ಆದರೆ ಹುಲ್ಲು ಹಾಸಿದವಳು ಇವಳು, ಒಳಗೇನಿತ್ತೋ ತಮಗೆ ಗೊತ್ತಿಲ್ಲ ಎಂದರು. ಹುಲ್ಲು ಹಾಸಿದ್ದು ನಾನೇ ಹೌದು. ನಾನು ಅವರ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿದೆ. ಅದನ್ನು ಬರೆದುಕೊಂಡರೋ ಇಲ್ಲವೋ ತಿಳಿಯದು. ನನಗೆ ಮೂರು ತಿಂಗಳು ಜೈಲಾಯಿತು. ಅವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರು.

ಒಳಗಿದ್ದಾಗ ಸುದ್ದಿ ಬಂತು. ಕೆಂಪಾಜಿಗೆ ಹೆಣ್ಣುಮಗು. ಕಾಲು ಮುಂದಾಗಿಯೇ ಬಂತಂತೆ, ಆದರೆ ಡಾಕ್ಟ್ರಮ್ಮ ಉಳಿಸಿದರಂತೆ. ಇನ್ನೊಂದು ಸುದ್ದಿಯೂ ಬಂತು. ನನ್ನ ಗುಡಿಸಲು ಕಿತ್ತು ಹಾಕಿದ್ದರು.

ಬಿಡುಗಡೆಯ ದಿನ ಜೈಲಿನ ಬಾಗಿಲಲ್ಲಿ ಕೆಂಪಾಜಿ ಮಗು ಎತ್ತಿಕೊಂಡು ನಿಂತಿದ್ದಳು. ಸೊರಗಿದ್ದಳು. "ನಮ್ಮನೇಲಿರು. ಇಬ್ರಿರೋ ಜಾಗದಲ್ಲಿ ಮೂವರಿರ್ತೀವಿ, ಅಷ್ಟೇಯ" ಎಂದಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ನನಗೆ ಹಿಡಿಯಲು ಬರುತ್ತಿರಲಿಲ್ಲ. ಅವಳೇ ನನ್ನ ಕೈ ಮಡಿಸಿ ತೋರಿಸಿದಳು.

ಗೇಟು ಅಲ್ಲೇ ಇತ್ತು. ಏಟಯ್ಯನನ್ನು ಬೇರೆ ಕಡೆಗೆ ಹಾಕಿದ್ದರು. ಹೊಸಬ ಬಂದಿದ್ದ, ಎಳೆ ಮೀಸೆಯವನು. ಬಿದಿರಿಗೆ ಹೊಸ ದಬ್ಬಳ ತೂಗುತ್ತಿತ್ತು.

ನಮ್ಮನ್ನು ಅವನು ತಡೆಯಲಿಲ್ಲ. ಎರಡು ಬರಿ ಹೊಟ್ಟೆ, ಒಂದು ಮಗು. ಹೋಗಿ ಎಂದು ಕೈ ಬೀಸಿದ. ನಾವು ದಾಟಿದೆವು. ಎದುರಿಗೆ ಯಳಂದೂರಿನ ಕಡೆಯಿಂದ ಯಾವುದೋ ಕೇರಿಯ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಸೌದೆ ಹೊರೆ ಹೊತ್ತು ಬಂದಳು. ನಮಗೆ ಅವಳ ಪರಿಚಯವಿಲ್ಲ. ಏಳು ತಿಂಗಳಿರಬೇಕು. ಗೇಟಿನ ಮುಂದೆ ಹೊರೆ ಇಳಿಸಿ, ಯಾರೂ ಹೇಳದಿದ್ದರೂ, ಅಭ್ಯಾಸವಾದವಳ ಹಾಗೆ ಆಕಾಶ ನೋಡುತ್ತಾ ಸೆರಗಿಗೆ ಕೈ ಹಾಕಿದಳು. ಹೊಸಬ ದಬ್ಬಳ ಬಿಚ್ಚಿಕೊಂಡ.

ಕೆಂಪಾಜಿ ನಿಂತಳು. ನಾನೂ ನಿಂತೆ.

ಇಬ್ಬರೂ ಹಿಂದಕ್ಕೆ ನಡೆದೆವು. ಬಿದಿರಿನ ಕೆಳಗೆ, ಅದೇ ಜಾಗದಲ್ಲಿ, ರಸ್ತೆಯ ನಡುವೆ ಕೂತೆವು.

"ಸೆರಗು ಬುಡಮ್ಮಿ, ಬಾ, ಕೂತ್ಕೋ" ಎಂದಳು ಕೆಂಪಾಜಿ ಆ ಹೆಣ್ಣುಮಗಳಿಗೆ.

"ಏನಿದು? ಏಳಿ, ಗಾಡಿ ಬರ್ತಿದೆ" ಎಂದ ಹೊಸಬ.

ನನ್ನ ಮಡಿಲಲ್ಲಿದ್ದ ಮಗು ಎಚ್ಚರವಾಗಿ ಅಳತೊಡಗಿತು. ಕೆಂಪಾಜಿ ಅದನ್ನು ಎತ್ತಿಕೊಂಡು ಸೆರಗಿನ ಮರೆಯಲ್ಲಿ ಮೊಲೆಗೆ ಹಾಕಿಕೊಂಡಳು. ಹಿಂದೆ ಒಂದು ಗಾಡಿ ಬಂದು ನಿಂತಿತು. ಅದರ ಹಿಂದೆ ಇನ್ನೊಂದು.

"ಎಷ್ಟೊತ್ತು ಕೂರ್ತೀರಿ?" ಎಂದು ಅವನು ಕೂಗಿದ.

"ಮಗ ಕುಡೀತಾ ಅದೆ ಸಾ" ಎಂದೆ ನಾನು. "ಕುಡ್ದು ಆಗ್ಲಿ."

ಮಗುವಿಗೆ ಅವಸರವಿರಲಿಲ್ಲ.